ಭಾರತ ಕ್ರಿಕೆಟ್ ತಂಡದ ನಿಜವಾದ ತಿರುವು ಯಾವುದು: 1971ರ ಓವಲ್ಲೋ, 1983ರ ಲಾರ್ಡ್ಸೋ?

ಶಾರ್ಟ್‌ಲೆಗ್:
ಪ್ರತಿ ವರ್ಷ ಜೂನ್ 25 ಬಂತೆಂದರೆ ಲಾರ್ಡ್ಸ್ ಬಾಲ್ಕನಿಯಲ್ಲಿ ಕಪಿಲ್ ದೇವ್ ವಿಶ್ವಕಪ್ ಹಿಡಿದು ನಿಂತ ಚಿತ್ರ ಎಲ್ಲೆಡೆ ಕಾಣಿಸಿಕೊಳ್ಳುತ್ತದೆ. ಅದು ಕಾಣಿಸಲೇಬೇಕಾದ ಚಿತ್ರ. ಆದರೆ ಆಗಸ್ಟ್ 24 ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬರುವುದಿಲ್ಲ ಎಂಬುದು ನನಗೆ ಬಹಳ ದಿನಗಳಿಂದ ಇರುವ ಕೊರಗು. 1971ರಲ್ಲಿ ಅದೇ ದಿನ ಅಜಿತ್ ವಾಡೇಕರ್ ನಾಯಕತ್ವದ ಭಾರತ ತಂಡ ಓವಲ್ ಮೈದಾನದಲ್ಲಿ ಇಂಗ್ಲೆಂಡನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು. 1932ರಿಂದ ಇಂಗ್ಲೆಂಡಿಗೆ ಹೋಗಿಬರುತ್ತಿದ್ದ ನಾವು ಅಲ್ಲಿ ಗೆದ್ದ ಮೊತ್ತಮೊದಲ ಟೆಸ್ಟ್ ಅದು. ಆ ಒಂದೇ ಗೆಲುವು ಸರಣಿಯನ್ನೂ ನಮ್ಮದಾಗಿಸಿತು.

ಅದರ ತೂಕ ತಿಳಿಯಬೇಕಾದರೆ ಹಿಂದಿನ ಲೆಕ್ಕವನ್ನು ನೋಡಬೇಕು. ಅಲ್ಲಿ 1959ರಲ್ಲಿ ಐದಕ್ಕೆ ಐದು ಟೆಸ್ಟ್, 1967ರಲ್ಲಿ ಮೂರಕ್ಕೆ ಮೂರು ಟೆಸ್ಟ್ ಸೋತು ಬಂದವರು ನಾವು. ಎದುರಿಗಿದ್ದ ರೇ ಇಲಿಂಗ್‌ವರ್ತ್ ಅವರ ತಂಡ ಆಗಷ್ಟೇ ಆಸ್ಟ್ರೇಲಿಯಾದಲ್ಲಿ ಆ್ಯಷಸ್ ಗೆದ್ದು ಬಂದಿತ್ತು ಮತ್ತು 26 ಟೆಸ್ಟ್‌ಗಳಿಂದ ಸೋಲನ್ನೇ ಕಂಡಿರಲಿಲ್ಲ. ಓವಲ್‌ನಲ್ಲೂ ಮೊದಲ ಇನಿಂಗ್ಸ್‌ನ ಕೊನೆಗೆ ನಾವು 71 ರನ್‌ಗಳ ಹಿನ್ನಡೆಯಲ್ಲಿದ್ದೆವು. ಅಲ್ಲಿಂದ ಬಿ.ಎಸ್. ಚಂದ್ರಶೇಖರ್ 38 ರನ್‌ಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ್ದ ಬಲಗೈಯಿಂದಲೇ ಬೌಲ್ ಮಾಡುತ್ತಿದ್ದ ಅವರು, ಮೂರು ವರ್ಷಕ್ಕೂ ಹೆಚ್ಚು ಕಾಲ ತಂಡದಿಂದ ಹೊರಗುಳಿದು ಅದೇ ಸರಣಿಗೆ ಮರಳಿದ್ದರು.

ಹೊರದೇಶದಲ್ಲಿ ಗೆಲ್ಲಬಲ್ಲೆವು ಎಂಬ ನಂಬಿಕೆ ನಮ್ಮವರಿಗೆ ಹುಟ್ಟಿದ್ದೇ ಅಂದು, 1983 ಆ ನಂಬಿಕೆಯ ಫಲ ಎಂಬುದು ನನ್ನ ವಾದ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯಬೇಕೆಂದಿದೆ.

ಹೊಸಚೆಂಡು:
ನಿಮ್ಮ ಅಭಿಮಾನವನ್ನು ಗೌರವಿಸುತ್ತೇನೆ, ಆದರೆ ವಾದವನ್ನು ಒಪ್ಪಲಾರೆ. ತಿರುವು ಎಂದ ಮೇಲೆ ಅದರಾಚೆಗಿನ ದಾರಿ ಬೇರೆ ದಿಕ್ಕಿಗೆ ಸಾಗಬೇಕಲ್ಲವೇ? ಓವಲ್ ಗೆಲುವಾದ ಮೂರೇ ವರ್ಷಕ್ಕೆ, 1974ರಲ್ಲಿ, ಅದೇ ವಾಡೇಕರ್ ನಾಯಕತ್ವದ ತಂಡ ಅದೇ ಇಂಗ್ಲೆಂಡಿನಲ್ಲಿ ಮೂರೂ ಟೆಸ್ಟ್‌ಗಳನ್ನು ಸೋತಿತು. ಲಾರ್ಡ್ಸ್‌ನಲ್ಲಿ 42 ರನ್‌ಗಳಿಗೆ ಆಲೌಟ್ ಆಯಿತು. 1975 ಮತ್ತು 1979ರ ಎರಡು ವಿಶ್ವಕಪ್‌ಗಳಲ್ಲಿ ನಾವು ಗೆದ್ದದ್ದು ಪೂರ್ವ ಆಫ್ರಿಕಾದ ವಿರುದ್ಧದ ಒಂದೇ ಪಂದ್ಯ. 1979ರಲ್ಲಂತೂ ಆಗಿನ್ನೂ ಟೆಸ್ಟ್ ಮಾನ್ಯತೆ ಇಲ್ಲದಿದ್ದ ಶ್ರೀಲಂಕಾಕ್ಕೆ ಸೋತೆವು. 1971ರ ನಂಬಿಕೆ ಅಲ್ಲೆಲ್ಲ ಎಲ್ಲಿ ಹೋಗಿತ್ತು ಎಂಬುದಕ್ಕೆ ನೀವು ಉತ್ತರ ಕೊಡಬೇಕು.

ಸ್ಕೋರ್‌ಪುಸ್ತಕ:
ವಾದ ಮುಂದುವರಿಯುವ ಮೊದಲು ಒಂದು ತಿದ್ದುಪಡಿ ಅಗತ್ಯವಿದೆ. ಹೊರದೇಶದ ಮೊದಲ ಟೆಸ್ಟ್ ಗೆಲುವು ಓವಲ್‌ನದಲ್ಲ. 1968ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಮನ್ಸೂರ್ ಅಲಿ ಖಾನ್ ಪಟೌಡಿ ಅವರ ತಂಡ ಪಡೆದದ್ದು. ಆ ಸರಣಿಯನ್ನು ನಾವು 3-1ರಿಂದ ಗೆದ್ದೆವು. ಅದಕ್ಕೂ ಮುನ್ನ ಆಸ್ಟ್ರೇಲಿಯಾದಲ್ಲಿ ನಾಲ್ಕೂ ಟೆಸ್ಟ್ ಸೋತು, ದಣಿದು ಬಂದಿದ್ದ ತಂಡವದು ಎಂಬುದನ್ನೂ ನೆನಪಿಡಬೇಕು. ಎರಡೂ ಸರಣಿಗಳ ಎಂಟು ಟೆಸ್ಟ್‌ಗಳಲ್ಲಿ ಇ.ಎ.ಎಸ್. ಪ್ರಸನ್ನ 49 ವಿಕೆಟ್ ಪಡೆದಿದ್ದರು. 1971ರಲ್ಲೂ ಓವಲ್‌ಗಿಂತ ಮೊದಲು ಪೋರ್ಟ್ ಆಫ್ ಸ್ಪೇನ್ ಬರುತ್ತದೆ. ವೆಸ್ಟ್ ಇಂಡೀಸನ್ನು ಅವರದೇ ನೆಲದಲ್ಲಿ ಏಳು ವಿಕೆಟ್‌ಗಳಿಂದ ಸೋಲಿಸಿ, ಸರಣಿಯನ್ನು 1-0ಯಿಂದ ಗೆದ್ದ ಮೇಲೆಯೇ ವಾಡೇಕರ್ ಇಂಗ್ಲೆಂಡಿಗೆ ಹೋದದ್ದು.

ಶಾರ್ಟ್‌ಲೆಗ್:
ತಿದ್ದುಪಡಿಯನ್ನು ಒಪ್ಪಿದ್ದೇನೆ. "ಹುಟ್ಟಿದ್ದೇ ಅಂದು" ಎಂದು ಬರೆದದ್ದು ತಪ್ಪು. ಡನೆಡಿನ್ ವಿಷಯ ತಿಳಿದಿದ್ದರೂ ಆವೇಶದಲ್ಲಿ ಬಿಟ್ಟುಬಿಟ್ಟೆ. ಪ್ರಸನ್ನ ಅವರ ವಿಷಯದಲ್ಲಿ ಹಾಗೆ ಮಾಡಬಾರದಿತ್ತು.

ನೈಟ್‌ವಾಚ್‌ಮನ್:
1952ರಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಮದ್ರಾಸ್ ಟೆಸ್ಟನ್ನು ಯಾರೂ ಹೇಳುವುದಿಲ್ಲವೇ? ಟೆಸ್ಟ್ ಆಡಲು ತೊಡಗಿ ಇಪ್ಪತ್ತು ವರ್ಷಗಳಾದ ಮೇಲೆ, 25ನೇ ಟೆಸ್ಟ್‌ನಲ್ಲಿ, ವಿಜಯ್ ಹಜಾರೆ ನಾಯಕತ್ವದಲ್ಲಿ ಬಂದ ಮೊದಲ ಗೆಲುವು ಅದು. ವಿನೂ ಮಂಕಡ್ ಎರಡೂ ಇನಿಂಗ್ಸ್ ಸೇರಿ 108 ರನ್‌ಗಳಿಗೆ 12 ವಿಕೆಟ್ ಪಡೆದರು. ಪಂಕಜ್ ರಾಯ್ ಮತ್ತು ಪಾಲಿ ಉಮ್ರಿಗರ್ ಶತಕ ಹೊಡೆದರು. ನಾವು ಇನಿಂಗ್ಸ್ ಮತ್ತು 8 ರನ್‌ಗಳಿಂದ ಗೆದ್ದೆವು. ಗೆಲುವಿನ ರುಚಿಯೇ ತಿಳಿಯದ ತಂಡಕ್ಕೆ ಅದನ್ನು ತಿಳಿಸಿದ ಪಂದ್ಯವನ್ನು ಬಿಟ್ಟು ತಿರುವಿನ ಮಾತಾಡುವುದು ಸರಿಯಲ್ಲ.

ಸ್ಕೋರ್‌ಪುಸ್ತಕ:
ಮಂಕಡ್ ಅವರ ಬೌಲಿಂಗ್ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಪ್ರವಾಸಕ್ಕೆ ಇಂಗ್ಲೆಂಡಿನ ಪ್ರಮುಖರಾದ ಲೆನ್ ಹಟನ್, ಡೆನಿಸ್ ಕಾಂಪ್ಟನ್, ಅಲೆಕ್ ಬೆಡ್ಸರ್ ಯಾರೂ ಬಂದಿರಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ನಾವು ಇಂಗ್ಲೆಂಡಿಗೆ ಹೋದಾಗ ಹೆಡಿಂಗ್ಲಿಯಲ್ಲಿ ಎರಡನೇ ಇನಿಂಗ್ಸ್‌ನ ಮೊದಲ ನಾಲ್ಕು ವಿಕೆಟ್‌ಗಳು ಒಂದೂ ರನ್ ಬರುವ ಮುನ್ನವೇ ಉರುಳಿದವು. ತವರಿನ ಗೆಲುವಿಗೂ ಹೊರನೆಲದ ಗೆಲುವಿಗೂ ನಡುವಿನ ಅಂತರ ಎಷ್ಟಿತ್ತು ಎಂಬುದನ್ನು ಆ ಫಲಕವೇ ಹೇಳುತ್ತದೆ.

ಹಳೆಯ ರೇಡಿಯೋ:
1971ರಲ್ಲಿ ನನಗೆ ಹತ್ತು ವರ್ಷ. ನಮ್ಮ ತಂದೆ ಶಾರ್ಟ್‌ವೇವ್ ರೇಡಿಯೋದಲ್ಲಿ ಇಂಗ್ಲಿಷ್ ವೀಕ್ಷಕ ವಿವರಣೆ ಕೇಳುತ್ತ, ಗೆರೆ ಹಾಕಿದ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಸ್ಕೋರ್ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಒಮ್ಮೊಮ್ಮೆ ದನಿ ಮಸುಕಾಗಿ ಗರಗರ ಎನ್ನುವಾಗ ಅವರು ಒಂದು ಕೈಯಿಂದ ಗುಬುಟು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದೇ ಇರುತ್ತಿದ್ದರು. ಎಸೆತ ತಪ್ಪಿಹೋದರೆ ಆ ಚೌಕದಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ಮುಂದಿನ ಮೊತ್ತ ಕೇಳಿಸಿದಾಗ ಅದನ್ನು ಅಳಿಸಿ, ಸರಿ ಅಂಕಿ ತುಂಬುತ್ತಿದ್ದರು.

ಓವಲ್ ಟೆಸ್ಟ್‌ನ ನಾಲ್ಕನೇ ದಿನ ಅಲ್ಲಿ ಊಟದ ವಿರಾಮಕ್ಕೆ ಸ್ವಲ್ಪವೇ ಮುಂಚೆ, ಎಂದರೆ ನಮ್ಮಲ್ಲಿ ದೀಪ ಹಚ್ಚುವ ಹೊತ್ತು ಹತ್ತಿರವಾದಾಗ, ಜಾನ್ ಎಡ್ರಿಚ್ ಬೌಲ್ಡ್ ಆದರು. ಮರು ಎಸೆತಕ್ಕೇ ಕೀತ್ ಫ್ಲೆಚರ್ ಅವರ ಕ್ಯಾಚನ್ನು ಏಕನಾಥ್ ಸೋಲ್ಕರ್ ಹಿಡಿದರು. ತಂದೆ ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಆಟ ನಡೆಯುತ್ತಿರುವಾಗ ಅವರು ಎದ್ದು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಿರುವು ಹೌದೋ ಅಲ್ಲವೋ ಎಂಬ ಲೆಕ್ಕ ನನಗೆ ತಿಳಿಯದು. ಆದರೆ ಅಂದಿನವರೆಗೆ ಸೋಲಿನ ಅಂತರವನ್ನು ಬರೆದುಕೊಳ್ಳಲೆಂದು ರೇಡಿಯೋ ಮುಂದೆ ಕೂರುತ್ತಿದ್ದವರು, ಅಂದಿನಿಂದ ಗೆಲುವಿನ ಆಸೆಯಿಟ್ಟು ಕೂರತೊಡಗಿದರು.

ಲೇಟ್‌ಕಟ್:
ಹಳೆಯ ರೇಡಿಯೋ ಅವರೇ, ಇಂತಹ ನೆನಪುಗಳಿಗಾಗಿಯೇ ನಾನು ಇಲ್ಲಿಗೆ ಬರುವುದು.

1971 ಎಂದರೆ ಸುನಿಲ್ ಗಾವಸ್ಕರ್ ಅವರ 774 ರನ್ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ವೆಸ್ಟ್ ಇಂಡೀಸ್‌ನಲ್ಲಿ ಆಡಿದ ಪಾದಾರ್ಪಣೆಯ ಸರಣಿಯಲ್ಲಿ, ಅದೂ ನಾಲ್ಕೇ ಟೆಸ್ಟ್‌ಗಳಲ್ಲಿ ಬಂದ ಆ ಮೊತ್ತ ಅದ್ಭುತವೇ ಸರಿ. ಆದರೆ ಕಿಂಗ್‌ಸ್ಟನ್‌ನ ಮೊದಲ ಟೆಸ್ಟ್‌ನಲ್ಲಿ ಗಾವಸ್ಕರ್ ಆಡಿರಲೇ ಇಲ್ಲ. 75ಕ್ಕೆ 5 ವಿಕೆಟ್ ಹೋಗಿದ್ದಾಗ ದಿಲೀಪ್ ಸರ್‌ದೇಸಾಯಿ ನಿಂತು 212 ಹೊಡೆದರು, ಸೋಲ್ಕರ್ ಜೊತೆ ಕೊಟ್ಟರು. ಮೊದಲ ದಿನದಾಟ ಮಳೆಯಲ್ಲಿ ಕೊಚ್ಚಿಹೋಗಿ ಪಂದ್ಯ ನಾಲ್ಕು ದಿನಕ್ಕೆ ಇಳಿದಿತ್ತು. ಹಾಗಿದ್ದಾಗ ಫಾಲೋಆನ್ ಹೇರಲು 200ರ ಮುನ್ನಡೆ ಬೇಕಿಲ್ಲ, 150 ಸಾಕು. ವಾಡೇಕರ್ ಅವರಿಗೆ ಆ ನಿಯಮ ನೆನಪಿತ್ತು. 170 ರನ್‌ಗಳ ಮುನ್ನಡೆ ಸಿಕ್ಕಿದ್ದೇ ಎದುರಾಳಿ ನಾಯಕ ಸೋಬರ್ಸ್ ಅವರಿಗೆ ಮತ್ತೆ ಬ್ಯಾಟ್ ಮಾಡಬೇಕೆಂದು ತಿಳಿಸಿದರು. ಪಂದ್ಯ ಡ್ರಾ ಆಯಿತೆನ್ನಿ, ಆದರೆ ವೆಸ್ಟ್ ಇಂಡೀಸ್ ತಂಡ ನಮ್ಮನ್ನು ನೋಡುವ ಬಗೆ ಅಲ್ಲಿಂದಲೇ ಬದಲಾಯಿತು ಎಂದು ನನ್ನ ನಂಬಿಕೆ. ಮುಂದಿನ ಟೆಸ್ಟ್‌ನಲ್ಲಿ ಸಲೀಂ ದುರಾನಿ ಲಾಯ್ಡ್ ಮತ್ತು ಸೋಬರ್ಸ್ ಇಬ್ಬರನ್ನೂ ಕಿತ್ತದ್ದು ಗೆಲುವಿನ ಬಾಗಿಲು ತೆರೆಯಿತು.

ಓವಲ್‌ನ 173ರ ಗುರಿ ಬೆನ್ನಟ್ಟುವಾಗ ಗಾವಸ್ಕರ್ ಸೊನ್ನೆಗೆ ಔಟಾಗಿದ್ದರು. ಕೊನೆಯ ದಿನ ವಾಡೇಕರ್ 45ಕ್ಕೆ ರನೌಟ್ ಆದ ಮೇಲೆ ನಮ್ಮ ಜಿ.ಆರ್. ವಿಶ್ವನಾಥ್ ಗಂಟೆಗಟ್ಟಲೆ ನಿಂತು ಹೊಡೆದ 33 ರನ್‌ಗಳಿಗೆ ನಾನು ಶತಕದ ಬೆಲೆ ಕೊಡುತ್ತೇನೆ.

ಗಾಬಾ2021:
ಹಿರಿಯರೆಲ್ಲ ಕ್ಷಮಿಸಬೇಕು, ನನ್ನ ಪ್ರಕಾರ ತಿರುವು ಬಂದದ್ದು 2018ರಿಂದ 2021ರ ನಡುವೆ. ಆಸ್ಟ್ರೇಲಿಯಾದಲ್ಲಿ ಸರಣಿ ಗೆಲ್ಲಲು ನಮಗೆ ಎಪ್ಪತ್ತು ವರ್ಷಗಳೇ ಹಿಡಿದವು. 2018-19ರಲ್ಲಿ ವಿರಾಟ್ ಕೊಹ್ಲಿ ತಂಡ 2-1ರಿಂದ ಗೆದ್ದಾಗ ಚೇತೇಶ್ವರ ಪೂಜಾರ 521 ರನ್ ಗಳಿಸಿದರು, ಜಸ್‌ಪ್ರೀತ್ ಬುಮ್ರಾ ಮೆಲ್ಬರ್ನ್‌ನಲ್ಲಿ 33ಕ್ಕೆ 6 ವಿಕೆಟ್ ಕಿತ್ತರು.

ಮುಂದಿನ ಪ್ರವಾಸದ ಕಥೆ ಇನ್ನೂ ದೊಡ್ಡದು. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್. ಕೊಹ್ಲಿ ಊರಿಗೆ ಮರಳಿದರು. ಅಜಿಂಕ್ಯ ರಹಾನೆ ಮೆಲ್ಬರ್ನ್‌ನಲ್ಲಿ 112 ಹೊಡೆದು ಸರಣಿ ಸಮ ಮಾಡಿದರು. ಸಿಡ್ನಿಯಲ್ಲಿ ಹನುಮ ವಿಹಾರಿ ಮತ್ತು ಅಶ್ವಿನ್ ಇಬ್ಬರೂ ಮೈನೋವಿನಲ್ಲೇ ಕೊನೆಯವರೆಗೆ ಬ್ಯಾಟ್ ಬೀಸಿ ಪಂದ್ಯ ಉಳಿಸಿದರು. ಬ್ರಿಸ್ಬೇನ್‌ನ ಗಾಬಾ ತಲುಪುವ ಹೊತ್ತಿಗೆ ಬುಮ್ರಾ, ಶಮಿ, ಅಶ್ವಿನ್, ಜಡೇಜ ಯಾರೂ ಆಡುವ ಸ್ಥಿತಿಯಲ್ಲಿರಲಿಲ್ಲ. ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್ ಅವರಿಗೆ ಅದು ಮೊದಲ ಟೆಸ್ಟ್. 1988ರಿಂದ ಆಸ್ಟ್ರೇಲಿಯಾ ಸೋಲದ ಆ ಮೈದಾನದಲ್ಲಿ, ಐದನೇ ದಿನ, 328ರ ಗುರಿಯನ್ನು ಬೆನ್ನಟ್ಟಿ ಗೆದ್ದೆವು. ಶುಭಮನ್ ಗಿಲ್ 91, ಪೂಜಾರ ಮೈತುಂಬ ಚೆಂಡಿನ ಪೆಟ್ಟು ತಿಂದು 56, ರಿಷಭ್ ಪಂತ್ ಔಟಾಗದೆ 89. ಪ್ರಮುಖರಿಲ್ಲದೆಯೂ ಗೆಲ್ಲುವ ತಂಡ ನಮಗೆ ಅದಕ್ಕಿಂತ ಮೊದಲು ಎಂದಿಗೂ ಇರಲಿಲ್ಲ.

ಎಡಗೈವೇಗಿ:
ಮೇಲಿನ ಮಾತಿಗೆ ನನ್ನ ಸಂಪೂರ್ಣ ಬೆಂಬಲವಿದೆ, ಮತ್ತು ಕಾರಣವನ್ನೂ ಹೇಳುತ್ತೇನೆ. ಟೆಸ್ಟ್ ಗೆಲ್ಲಬೇಕಾದರೆ ಎದುರಾಳಿಯ 20 ವಿಕೆಟ್ ಬೀಳಬೇಕು. ಅದರ ಹೊರತಾಗಿ ಬೇರೆ ದಾರಿಯಿಲ್ಲ. ನಮ್ಮ ತಂಡದ ಏಳುಬೀಳುಗಳನ್ನೆಲ್ಲ ಈ ಒಂದು ಅಂಕಿಯ ಮೂಲಕ ಓದಬಹುದು.

1932ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ನಮ್ಮ ಮೊದಲ ಟೆಸ್ಟ್ ಶುರುವಾದಾಗ ಮೊಹಮ್ಮದ್ ನಿಸಾರ್ ಮತ್ತು ಅಮರ್ ಸಿಂಗ್ ಹೊಸ ಚೆಂಡು ಹಿಡಿದಿದ್ದರು. ಇಂಗ್ಲೆಂಡ್ 19 ರನ್‌ಗಳಿಗೆ 3 ವಿಕೆಟ್ ಕಳೆದುಕೊಂಡಿತ್ತು. ನಮ್ಮ ಟೆಸ್ಟ್ ಬದುಕು ವೇಗದ ಬೌಲಿಂಗ್‌ನಿಂದಲೇ ಆರಂಭವಾಯಿತು ಎಂಬುದನ್ನು ಇಂದು ಎಷ್ಟು ಜನ ಬಲ್ಲರು? ಆ ಜೋಡಿಯ ನಂತರ ವೇಗಿಗಳ ಬರ ಬಂತು. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಬೇಡಿ, ಪ್ರಸನ್ನ, ಚಂದ್ರ (ಚಂದ್ರಶೇಖರ್), ವೆಂಕಟರಾಘವನ್ ಈ ನಾಲ್ವರು ಸ್ಪಿನ್ನರ್‌ಗಳೂ ಒಟ್ಟಿಗೆ ಆಡಿದ ಟೆಸ್ಟ್‌ನಲ್ಲಿ ಹೊಸ ಚೆಂಡು ಹಿಡಿದವರಲ್ಲಿ ಒಬ್ಬರು ವಿಕೆಟ್‌ಕೀಪರ್ ಆಗಿಯೇ ಹೆಸರಾದ ಬುಧಿ ಕುಂದರನ್. ಓವಲ್‌ನಲ್ಲೂ ಸೋಲ್ಕರ್ ಮತ್ತು ಅಬಿದ್ ಅಲಿ ಹೆಚ್ಚಾಗಿ ಚೆಂಡಿನ ಹೊಳಪು ಇಳಿಸಿ ಸ್ಪಿನ್ನರ್‌ಗಳಿಗೆ ಒಪ್ಪಿಸಿದರು. 1978ರಲ್ಲಿ ಕಪಿಲ್ ಬಂದರು. ಒಬ್ಬರೇ ಎಷ್ಟು ಕಾಲ ದೂಡಬಲ್ಲರು? ಮುಂದೆ ಜಾವಗಲ್ ಶ್ರೀನಾಥ್ ಅದೇ ಭಾರವನ್ನು ಹೊತ್ತರು.

ಈಗ 2018ರ ಜನವರಿಗೆ ಬನ್ನಿ. ಜೋಹಾನ್ಸ್‌ಬರ್ಗ್‌ನಲ್ಲಿ ನಾವು ಒಬ್ಬ ಸ್ಪಿನ್ನರನ್ನೂ ಆಡಿಸಲಿಲ್ಲ, ಐವರು ವೇಗಿಗಳನ್ನು ಇಳಿಸಿ 63 ರನ್‌ಗಳಿಂದ ಗೆದ್ದೆವು. ಎಜ್‌ಬಾಸ್ಟನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಐವತ್ತು ವರ್ಷಗಳ ದಾರಿ. ತಿರುವು ಎಂದರೆ ನನ್ನ ಪಾಲಿಗೆ ಅದು.

ಶಾರ್ಟ್‌ಲೆಗ್:
20 ವಿಕೆಟ್‌ನ ಲೆಕ್ಕ ನನ್ನ ವಾದವನ್ನೇ ಬಲಪಡಿಸುತ್ತದೆ ಎಂದು ಕಾಣುತ್ತದೆ. ವೇಗಿಗಳೇ ಇಲ್ಲದ ಕಾಲದಲ್ಲಿ, ಇಂಗ್ಲೆಂಡಿನ ಮೈದಾನದಲ್ಲಿ, ಹೆಚ್ಚಾಗಿ ಸ್ಪಿನ್‌ನಿಂದಲೇ 20 ವಿಕೆಟ್ ಕೀಳಬಹುದೆಂದು ತೋರಿಸಿದ್ದು 1971. ಅಲ್ಲಿನ ಕ್ಷೇತ್ರರಕ್ಷಣೆಯನ್ನು ಮರೆಯಬೇಡಿ. ಹೆಲ್ಮೆಟ್ ಇಲ್ಲದ ಕಾಲದಲ್ಲಿ ಬ್ಯಾಟ್‌ನಿಂದ ಕೈಯಳತೆಯ ದೂರದಲ್ಲಿ ನಿಂತು ಸೋಲ್ಕರ್ ತಮ್ಮ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು. ಓವಲ್‌ನಲ್ಲಿ ಅಲನ್ ನಾಟ್ ಅವರ ಕ್ಯಾಚಿಗೆ ಮುಂದಕ್ಕೆ ಹಾರಿ, ನೆಲಕ್ಕೊರಗಿ ಹಿಡಿದ ಆ ಕೈಗಳಿಲ್ಲದಿದ್ದರೆ 101 ಎಂಬ ಮೊತ್ತ ಬರುತ್ತಲೇ ಇರಲಿಲ್ಲ. ನಾನು ಶಾರ್ಟ್‌ಲೆಗ್ ಎಂಬ ಆ ಸ್ಥಾನದ ಹೆಸರಿನಲ್ಲಿ ಬರೆಯುವುದೂ ಅವರ ಮೇಲಿನ ಗೌರವದಿಂದಲೇ.

ಹೊಸಚೆಂಡು:
ನೀವೆಲ್ಲರೂ ಟೆಸ್ಟ್‌ನೊಳಗೇ ಸುತ್ತುತ್ತಿದ್ದೀರಿ. 1983ನ್ನು ಆಕಸ್ಮಿಕವೆಂಬಂತೆ ಪಕ್ಕಕ್ಕಿಡುವುದು ನನಗೆ ನೋವಿನ ಸಂಗತಿ. ಆ ಗೆಲುವಿನ ಬೀಜ ಅದೇ ವರ್ಷದ ಮಾರ್ಚ್‌ನಲ್ಲಿ ಗಯಾನಾದ ಬರ್ಬೀಸ್‌ನಲ್ಲಿ ಬಿದ್ದಿತ್ತು. ಗಾವಸ್ಕರ್ 90, ಕಪಿಲ್ 72 ಹೊಡೆದು ವೆಸ್ಟ್ ಇಂಡೀಸನ್ನು ಅವರ ನೆಲದಲ್ಲೇ ಏಕದಿನ ಪಂದ್ಯದಲ್ಲಿ ಸೋಲಿಸಿದ್ದರು. ಜೂನ್‌ನಲ್ಲಿ ಮ್ಯಾಂಚೆಸ್ಟರ್‌ನ ಮೊದಲ ಪಂದ್ಯದಲ್ಲೇ ಅವರನ್ನು ಮತ್ತೆ ಸೋಲಿಸಿದರು. ವೆಸ್ಟ್ ಇಂಡೀಸ್ ವಿಶ್ವಕಪ್‌ನಲ್ಲಿ ಪಂದ್ಯ ಸೋತದ್ದು ಅದೇ ಮೊದಲು. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ 17ಕ್ಕೆ 5 ವಿಕೆಟ್ ಹೋದಾಗ ಕಪಿಲ್ ಔಟಾಗದೆ 175 ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಮೊದಲು ರೋಜರ್ ಬಿನ್ನಿ ನಿಂತು 60 ರನ್‌ಗಳ ಜೊತೆಯಾಟ ಕೊಟ್ಟದ್ದನ್ನು, ಕೊನೆಗೆ ಸೈಯದ್ ಕಿರ್ಮಾನಿ ಔಟಾಗದೆ 24 ಹೊಡೆದು ಮುರಿಯದ ಒಂಬತ್ತನೇ ವಿಕೆಟ್‌ಗೆ 126 ಸೇರಿಸಿದ್ದನ್ನು ಹೇಳುವವರು ಕಡಿಮೆ. ಇಬ್ಬರೂ ನಮ್ಮ ಕರ್ನಾಟಕದವರು. ಬಿನ್ನಿ ಆ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲ ತಂಡಗಳ ಬೌಲರ್‌ಗಳಿಗಿಂತ ಮುಂದಿದ್ದರು.

ಫೈನಲ್‌ನಲ್ಲಿ 183 ರನ್ ಇಟ್ಟುಕೊಂಡು, ಎರಡು ಬಾರಿಯ ಚಾಂಪಿಯನ್ನರನ್ನು 140ಕ್ಕೆ ಕಟ್ಟಿಹಾಕಿದ ತಂಡದ ಬಗ್ಗೆ ಮಾತಾಡುತ್ತಿದ್ದೇವೆ. ವಿವಿಯನ್ ರಿಚರ್ಡ್ಸ್ ಅವರ ಕ್ಯಾಚಿಗೆ ಕಪಿಲ್ ಬೆನ್ನು ತಿರುಗಿಸಿ ಓಡಿದ ಆ ಕೆಲವು ಕ್ಷಣಗಳನ್ನು ನೋಡಿದ ಮಕ್ಕಳೇ ಮುಂದೆ ಬ್ಯಾಟ್ ಹಿಡಿದರು.

ನೈಟ್‌ವಾಚ್‌ಮನ್:
ಮೊದಲ ಟೆಸ್ಟ್ ಶುರುವಾದದ್ದೂ ವಿಶ್ವಕಪ್ ಗೆದ್ದದ್ದೂ ಒಂದೇ ಮೈದಾನದಲ್ಲಿ, ಒಂದೇ ತಾರೀಖಿನಂದು, 51 ವರ್ಷಗಳ ಅಂತರದಲ್ಲಿ ಎಂಬುದು ಈ ಚರ್ಚೆಯಿಂದ ಈಗಷ್ಟೇ ಹೊಳೆಯಿತು. ಸಿ.ಕೆ. ನಾಯುಡು ಅವರಿಂದ ಕಪಿಲ್ ಅವರವರೆಗೆ!

ಸ್ಕೋರ್‌ಪುಸ್ತಕ:
ಹೊಸಚೆಂಡು ಅವರೇ, ನೀವು 1971ಕ್ಕೆ ಒಡ್ಡಿದ ಪ್ರಶ್ನೆಯನ್ನೇ ನಾನು 1983ಕ್ಕೂ ಒಡ್ಡುತ್ತೇನೆ. ಕಪ್ ಗೆದ್ದ ಕೆಲವೇ ತಿಂಗಳಿಗೆ ಕ್ಲೈವ್ ಲಾಯ್ಡ್ ಅವರ ತಂಡ ಇಲ್ಲಿಗೆ ಬಂದು, ಟೆಸ್ಟ್ ಸರಣಿಯನ್ನು 3-0, ಏಕದಿನ ಸರಣಿಯನ್ನು 5-0 ಅಂತರದಿಂದ ಗೆದ್ದಿತು. ಹಾಗಿದ್ದರೆ ಅದೂ ತಿರುವಲ್ಲವೇ?

ಹೊಸಚೆಂಡು:
ಸೋತದ್ದು ನಿಜ. ಆದರೆ 1985ರಲ್ಲಿ ಗಾವಸ್ಕರ್ ನಾಯಕತ್ವದಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದೆವು. 1986ರಲ್ಲಿ ಕಪಿಲ್ ನಾಯಕತ್ವದಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿಯನ್ನು 2-0ಯಿಂದ ಗೆದ್ದೆವು. ಒಂದು ಸೋಲಿನ ಸರಣಿಯಿಂದ ದಾರಿ ಹಿಂದಕ್ಕೆ ತಿರುಗಲಿಲ್ಲ.

ಮೂರನೇ ಅಂಪೈರ್:
ಹಣದ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1983ರಲ್ಲಿ ಗೆದ್ದು ಬಂದ ಆಟಗಾರರಿಗೆ ತಕ್ಕ ಬಹುಮಾನ ಕೊಡುವಷ್ಟು ಹಣ ಕ್ರಿಕೆಟ್ ಮಂಡಳಿಯಲ್ಲಿ ಇರಲಿಲ್ಲ. ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಸಂಗೀತ ಕಾರ್ಯಕ್ರಮ ನಡೆಸಿ ನಿಧಿ ಕೂಡಿಸಿಕೊಟ್ಟರು. ನಾಲ್ಕು ವರ್ಷಗಳಲ್ಲಿ, 1987ರಲ್ಲಿ, ವಿಶ್ವಕಪ್ ಮೊದಲ ಬಾರಿಗೆ ಇಂಗ್ಲೆಂಡಿನಿಂದ ಹೊರಬಂದು ಭಾರತ ಮತ್ತು ಪಾಕಿಸ್ತಾನದಲ್ಲಿ ನಡೆಯಿತು. 1993ರ ಹೀರೋ ಕಪ್ ಪ್ರಸಾರದ ಹಕ್ಕಿನ ವಿಚಾರದಲ್ಲಿ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯವಿಲ್ಲ ಎಂಬ ತೀರ್ಪು 1995ರಲ್ಲಿ ಬಂತು. ಭಾರತದ ಕ್ರಿಕೆಟ್ ಇಂದು ಶ್ರೀಮಂತವಾಗಿರುವುದಕ್ಕೆ ಆ ತೀರ್ಪಿನ ಪಾಲು ದೊಡ್ಡದು. ಎಡಗೈವೇಗಿ ಅವರು ಹೇಳಿದ ಐವರು ವೇಗಿಗಳು ಆಕಾಶದಿಂದ ಉದುರಲಿಲ್ಲ. ತರಬೇತಿ ಕೇಂದ್ರ, ಫಿಸಿಯೋ, ಭಾರತ 'ಎ' ತಂಡದ ವಿದೇಶ ಪ್ರವಾಸ ಇವೆಲ್ಲಕ್ಕೂ ಹಣ ಬೇಕಿತ್ತು. ಆ ಹಣದ ಮೂಲವನ್ನು ಹುಡುಕುತ್ತ ಹೋದರೆ 1983ರ ಲಾರ್ಡ್ಸ್ ಬಾಲ್ಕನಿಯೇ ಸಿಗುತ್ತದೆ.

ಗ್ಯಾಲರಿಯವನು:
ಹೀರೋ ಕಪ್ ಎಂದಿರಾದ್ದರಿಂದ, ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 12 ರನ್‌ಗಳಿಗೆ 6 ವಿಕೆಟ್ ಕಿತ್ತದ್ದನ್ನು ಹೇಳದೆ ಮುಂದೆ ಹೋಗಬಾರದು. 1996ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 8 ವಿಕೆಟ್ ಹೋದ ಮೇಲೆ ಕುಂಬ್ಳೆ ಮತ್ತು ಶ್ರೀನಾಥ್ 52 ರನ್ ಸೇರಿಸಿ ಗೆಲ್ಲಿಸಿದಾಗ ನಾನು ಗ್ಯಾಲರಿಯಲ್ಲಿದ್ದೆ. ಸಚಿನ್ 88ಕ್ಕೆ ಔಟಾದಾಗ ಮನೆಗೆ ಹೊರಟು ಮೆಟ್ಟಿಲ ಹತ್ತಿರ ಹೋಗಿದ್ದವರು, ಒಂದೊಂದೇ ರನ್‌ಗೆ ಕೂಗು ಏರುತ್ತಿದ್ದಂತೆ ಮರಳಿ ಬಂದು ಹಾದಿಯಲ್ಲೇ ನಿಂತು ನೋಡಿದರು.

ಎಡಗೈವೇಗಿ:
ಆ ರಾತ್ರಿಯನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಅದೇ ದಶಕದಲ್ಲಿ ನಮ್ಮ ಹೊರದೇಶದ ಟೆಸ್ಟ್ ಗೆಲುವುಗಳನ್ನು ಎಣಿಸಿ ನೋಡಿ. 1993ರಲ್ಲಿ ಕೊಲಂಬೊದಲ್ಲಿ ಒಂದು. ಹತ್ತು ವರ್ಷಗಳಲ್ಲಿ ಒಂದೇ ಒಂದು! ಸಚಿನ್, ಅಜರುದ್ದೀನ್, ದ್ರಾವಿಡ್ ಅವರಂತಹ ಬ್ಯಾಟರ್‌ಗಳಿದ್ದೂ ಹೀಗಾಯಿತು.

ಲೇಟ್‌ಕಟ್:
ಹಾಗಿದ್ದರೆ 2001ರ ಕೋಲ್ಕತ್ತದ ಮಾತು ಬರಲೇಬೇಕು. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಸ್ಟೀವ್ ವಾ ತಂಡ 445 ಹೊಡೆದು, ನಮ್ಮನ್ನು 171ಕ್ಕೆ ಕೆಡವಿ ಫಾಲೋಆನ್ ಹೇರಿತ್ತು. ಎರಡನೇ ಇನಿಂಗ್ಸ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಮೂರನೇ ಕ್ರಮಾಂಕಕ್ಕೆ ಏರಿದರು, ರಾಹುಲ್ ದ್ರಾವಿಡ್ ಆರಕ್ಕೆ ಇಳಿದರು. ನಾಲ್ಕನೇ ದಿನ ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ. ಆ ಒಂದೇ ದಿನ 335 ರನ್ ಬಂದವು. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಮರುದಿನ ಹರ್ಭಜನ್ ಸಿಂಗ್ ಉಳಿದ ಕೆಲಸ ಮುಗಿಸಿದರು. ಪಂದ್ಯದಲ್ಲಿ ಅವರಿಗೆ 13 ವಿಕೆಟ್, ಮೂರು ಟೆಸ್ಟ್‌ಗಳಲ್ಲಿ 32.

ಹಿಂದಿನ ವರ್ಷವಷ್ಟೇ ಮ್ಯಾಚ್ ಫಿಕ್ಸಿಂಗ್ ಹಗರಣ ತಂಡದ ಮಾನ ಕಳೆದಿತ್ತು, ಜನ ಟಿವಿ ಆರಿಸಿದ್ದರು. ಅಂತಹ ಹೊತ್ತಿನಲ್ಲಿ ಸೌರವ್ ಗಂಗೂಲಿ ಮತ್ತು ತರಬೇತುದಾರ ಜಾನ್ ರೈಟ್ ಕಟ್ಟಿದ ತಂಡ ಅದು. ಅಲ್ಲಿಂದ 2002ರ ಹೆಡಿಂಗ್ಲಿಗೆ, 2003ರ ಅಡಿಲೇಡ್‌ಗೆ, 2004ರ ಮುಲ್ತಾನ್ ಮತ್ತು ರಾವಲ್ಪಿಂಡಿಗೆ ದಾರಿ ನೇರವಾಗಿ ಹೋಯಿತು. ಹೆಡಿಂಗ್ಲಿಯಲ್ಲಿ 148, ಅಡಿಲೇಡ್‌ನಲ್ಲಿ 233 ಮತ್ತು ಔಟಾಗದೆ 72, ರಾವಲ್ಪಿಂಡಿಯಲ್ಲಿ 270. ಇವೆಲ್ಲವೂ ದ್ರಾವಿಡ್ ಅವರ ಇನಿಂಗ್ಸ್‌ಗಳು, ಮೂರೂ ಪಂದ್ಯಗಳು ಗೆಲುವುಗಳು.

ಗ್ಯಾಲರಿಯವನು:
ದ್ರಾವಿಡ್ ನಾಯಕರಾಗಿದ್ದಾಗ 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಗೆದ್ದ ಸರಣಿ, 1971ರ ನಂತರ ನಾವು ಅಲ್ಲಿ ಗೆದ್ದ ಮೊದಲ ಸರಣಿ. ಮರುವರ್ಷ ಇಂಗ್ಲೆಂಡಿನಲ್ಲಿ ಗೆದ್ದದ್ದು 1986ರ ನಂತರದ ಮೊದಲನೆಯದು. 1971ನ್ನು ಮರೆತರೆಂದು ಕೊರಗುವ ಶಾರ್ಟ್‌ಲೆಗ್ ಅವರು ಈ ಎರಡನ್ನೂ ಕೊರಗಿನ ಪಟ್ಟಿಗೆ ಸೇರಿಸಿಕೊಳ್ಳಬೇಕು. 2007ರ ಆ ಸರಣಿಯಲ್ಲಿ ಅದೇ ಓವಲ್ ಮೈದಾನದಲ್ಲಿ ಕುಂಬ್ಳೆ ಔಟಾಗದೆ 110 ಹೊಡೆದರು, ಅವರ ಏಕೈಕ ಟೆಸ್ಟ್ ಶತಕ.

ಶಾರ್ಟ್‌ಲೆಗ್:
ಸೇರಿಸಿಕೊಂಡಿದ್ದೇನೆ. 2007 ಎಂದರೆ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ಗುಂಪಿನ ಹಂತದಲ್ಲೇ ಮನೆಗೆ ಮರಳಿದ್ದು, ಆಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿ ಮಹೇಂದ್ರ ಸಿಂಗ್ ಧೋನಿ ಟಿ20 ವಿಶ್ವಕಪ್ ಎತ್ತಿದ್ದು ಇವೆರಡೇ ಜನರ ನೆನಪಿನಲ್ಲಿ ಉಳಿದಿವೆ. ನಡುವಿನ ಇಂಗ್ಲೆಂಡ್ ಗೆಲುವು ಎರಡರ ನಡುವೆ ಸಿಕ್ಕಿ ಮರೆಯಾಯಿತು.

ಗಾಬಾ2021:
ಸೀಮಿತ ಓವರ್‌ಗಳ ಗೆಲುವುಗಳು ಮನಸ್ಸನ್ನು ಹೆಚ್ಚು ಆವರಿಸುತ್ತವೆ ಎಂಬುದು ನಿಜ. 2011ರ ಏಪ್ರಿಲ್ 2ರಂದು ವಾಂಖೆಡೆಯಲ್ಲಿ ಗಂಭೀರ್ 97, ಧೋನಿ ಔಟಾಗದೆ 91 ಹೊಡೆದದ್ದನ್ನು ನಾನು ಶಾಲೆಯ ದಿನಗಳಲ್ಲಿ ನೋಡಿದೆ. 2023ರ ನವೆಂಬರ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು ಫೈನಲ್‌ನಲ್ಲಿ ಸೋತದ್ದು, 2024ರ ಜೂನ್ 29ರಂದು ಬ್ರಿಜ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ, ದ್ರಾವಿಡ್ ತರಬೇತುದಾರರಾಗಿ ಕಪ್ ಹಿಡಿದದ್ದು ಎರಡೂ ಒಂದೇ ಕಥೆಯ ಎರಡು ಅಧ್ಯಾಯಗಳಂತಿವೆ.

ಸ್ಕೋರ್‌ಪುಸ್ತಕ:
ಅದೇ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆಗಿ, ನ್ಯೂಜಿಲೆಂಡ್‌ಗೆ ತವರಿನಲ್ಲೇ 3-0ಯಿಂದ ಸೋತೆವು. ತವರಿನಲ್ಲಿ ಸತತ 18 ಸರಣಿ ಗೆದ್ದಿದ್ದ ಓಟ ಅಲ್ಲಿಗೆ ನಿಂತಿತು. ಗಾಬಾ2021 ಅವರೇ, ಮುಂದಿನ ಪೀಳಿಗೆಯವರು ನಿಮಗೂ ಇದೇ ಪ್ರಶ್ನೆ ಕೇಳುತ್ತಾರೆ: ಗಾಬಾ ತಿರುವಾಗಿದ್ದರೆ ಬೆಂಗಳೂರು ಹೇಗಾಯಿತು?

ಶಾರ್ಟ್‌ಲೆಗ್:
ನೀವು ಕೇಳಿದ ಈ ಪ್ರಶ್ನೆಯಿಂದಲೇ ನನಗೆ ಸ್ಪಷ್ಟವಾದ ಒಂದು ವಿಷಯವಿದೆ. "ತಿರುವು" ಎಂಬ ಪದವನ್ನು ನಾನು ಬಳಸಬಾರದಿತ್ತು. 42 ಆಗಲಿ, 36 ಆಗಲಿ, 46 ಆಗಲಿ, ಗೆದ್ದ ತಂಡಗಳಿಗೇ ಬಂದ ಮೊತ್ತಗಳು. ಎಡಗೈವೇಗಿ ಅವರ 20 ವಿಕೆಟ್‌ನ ಲೆಕ್ಕವೇ ಸರಿಯಾದ ಅಳತೆಗೋಲು. ಆ ಅಳತೆಯಲ್ಲಿ 1968ರಲ್ಲಿ ಪ್ರಸನ್ನ, 1971ರಲ್ಲಿ ಚಂದ್ರ, 1977ರ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್‌ಗಳಿಗೆ 6 ವಿಕೆಟ್ ಕಿತ್ತು ಆಸ್ಟ್ರೇಲಿಯಾ ನೆಲದ ನಮ್ಮ ಮೊದಲ ಗೆಲುವನ್ನು ತಂದುಕೊಟ್ಟ ಅದೇ ಚಂದ್ರ, ಮುಂದೆ ಕಪಿಲ್, ಕುಂಬ್ಳೆ, ಬುಮ್ರಾ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನ ಮೊದಲ ಇಬ್ಬರೂ ನಮ್ಮ ಮೈಸೂರು ರಾಜ್ಯದ ತಂಡದಿಂದ ಬಂದವರು. ಆಗಸ್ಟ್ 24ನ್ನು ನೆನೆಯಬೇಕು ಎಂಬ ನನ್ನ ಕೋರಿಕೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಹಳೆಯ ರೇಡಿಯೋ ಅವರಲ್ಲಿ ಒಂದು ವಿನಂತಿ. ಇಂಗ್ಲೆಂಡಿನ ಎರಡನೇ ಇನಿಂಗ್ಸ್‌ನಲ್ಲಿ ಜೇಮ್ಸನ್ ರನೌಟ್ ಆದದ್ದು ವಿಚಿತ್ರ ರೀತಿಯಲ್ಲಿ. ಲಕ್‌ಹರ್ಸ್ಟ್ ಹೊಡೆದ ಚೆಂಡು ಚಂದ್ರ ಅವರ ಕೈಗೆ ತಾಗಿ ಬೌಲರ್ ಬದಿಯ ವಿಕೆಟ್‌ಗೆ ಬಡಿಯಿತು, ಜೇಮ್ಸನ್ ಕ್ರೀಸ್‌ನಿಂದ ಹೊರಗಿದ್ದರು. ನಿಮ್ಮ ತಂದೆಯವರು ಅದನ್ನು ಹೇಗೆ ಬರೆದುಕೊಂಡಿದ್ದಾರೆ?

ಹಳೆಯ ರೇಡಿಯೋ:
ಪುಸ್ತಕ ತೆಗೆದು ನೋಡಿದೆ. ಆ ಓವರ್‌ನ ಚೌಕದಲ್ಲಿ ಮೊದಲು ಪ್ರಶ್ನಾರ್ಥಕ ಚಿಹ್ನೆ ಇದೆ. ಜನರ ಕೂಗಿನಲ್ಲಿ ವಿವರಣೆ ಕೇಳಿಸಿರಲಿಕ್ಕಿಲ್ಲ. ಜೇಮ್ಸನ್ ಹೆಸರಿನ ಮುಂದೆ "ಬಿ. ಚಂದ್ರ" (ಚಂದ್ರ ಅವರಿಂದ ಬೌಲ್ಡ್) ಎಂದು ಬರೆದು, ಅದನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ "ರನೌಟ್" ಎಂದು ತಿದ್ದಿದ್ದಾರೆ. ಪುಟದ ಕೆಳಗೆ ಚಂದ್ರ ಅವರ ಲೆಕ್ಕದಲ್ಲಿ 7 ಎಂದಿದ್ದದ್ದು ಅಳಿಸಿ 6 ಆಗಿದೆ. ಅಳಿಸಿದ ಗುರುತು ಐವತ್ತು ವರ್ಷ ದಾಟಿದರೂ ಹಾಗೆಯೇ ಇದೆ. ಕೊನೆಯ ಪುಟದಲ್ಲಿ ಅಬಿದ್ ಅಲಿ ಹೆಸರಿನ ಮುಂದಿನ 4ರ ಸುತ್ತ ಎರಡು ಬಾರಿ ವೃತ್ತ ಎಳೆದು, ಪಕ್ಕದಲ್ಲಿ "ಇಂದು ಗಣೇಶ ಚೌತಿ" ಎಂದು ಬರೆದಿದ್ದಾರೆ.